ಸೋರಿದ ಗುಟ್ಟು



ಸಿಂಧನೂರಿನ ಗಂಜಿನಲ್ಲಿ, ಎಂದರೆ ಅಲ್ಲಿಯ ಧಾನ್ಯದ ಪೇಟೆಯಲ್ಲಿ, ಒಬ್ಬ ರೈತನು ಒಂದು ಮುಂಜಾನೆ ನೂರು ಚೀಲ ಭತ್ತವನ್ನು ಮಾರಿದನೆಂದು ಭಾವಿಸಿಕೊಳ್ಳಿ. ತೂಕದಲ್ಲಿ ಮೋಸವಿಲ್ಲ, ದರಕ್ಕೆ ಇಬ್ಬರೂ ಒಪ್ಪಿದ್ದಾರೆ, ಹಣವೂ ಕೈಸೇರಿದೆ. ಮರುದಿನ, ಅಕ್ಕಿಯ ರಫ್ತಿನ ಮೇಲಿದ್ದ ನಿಷೇಧವನ್ನು ಸರಕಾರ ತೆಗೆದಿದೆಯೆಂಬ ವರ್ತಮಾನ ಬರುತ್ತದೆ; ದರ ಏರುತ್ತದೆ. ರೈತನು ತನ್ನ ಹಣೆಬರಹವನ್ನು ಹಳಿದುಕೊಂಡು ಸುಮ್ಮನಾಗುವನು. ಆದರೆ ಕೊಂಡವನಿಗೆ ಆ ವರ್ತಮಾನ ಹಿಂದಿನ ದಿನವೇ ತಿಳಿದಿದ್ದ ಪಕ್ಷದಲ್ಲಿ ಹಣೆಬರಹವನ್ನು ದೂರುವುದು ನ್ಯಾಯವೇ?

ರೈತನು ಕಲ್ಪಿತನು, ಆಜ್ಞೆಗಳು ಮಾತ್ರ ನಿಜವಾದುವು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಆ ಸೀಮೆಯ ಸೋನಾ ಮಸೂರಿಯು ಬಾಸುಮತಿಯಲ್ಲದ ಬಿಳಿ ಅಕ್ಕಿಯ ವರ್ಗಕ್ಕೆ ಸೇರಿದ್ದು. ಆ ವರ್ಗದ ರಫ್ತನ್ನು ಕೇಂದ್ರ ಸರಕಾರವು 2023ರ ಜುಲೈ 20ರಂದು ನಿಷೇಧಿಸಿತು. 2024ರ ಸೆಪ್ಟೆಂಬರ್ 28ರಂದು, ಟನ್ನಿಗೆ 490 ಡಾಲರಿಗಿಂತ ಕಡಿಮೆಗೆ ಮಾರಕೂಡದೆಂಬ ಕಟ್ಟಳೆಯೊಡನೆ, ನಿಷೇಧವನ್ನು ತೆಗೆಯಿತು. ಮರುತಿಂಗಳು ಆ ಕಟ್ಟಳೆಯೂ ಹೋಯಿತು. ಇವು ಮೊದಲೇ ಸೋರಿದುವೆಂದು ನಾನು ಹೇಳುತ್ತಿಲ್ಲ. ಸೋರಿದ್ದರೆ ಏನಾಗುತ್ತಿತ್ತೆಂಬುದಷ್ಟೇ ಇಲ್ಲಿಯ ಪ್ರಶ್ನೆ.

ಅಲ್ಲಿಂದ ನೆರೆಯ ಲಿಂಗಸುಗೂರು ತಾಲ್ಲೂಕಿಗೆ ಬಂದರೆ ಹಟ್ಟಿಯ ಚಿನ್ನದ ಗಣಿ. 2024ರ ಜುಲೈ 23ರ ಆಯವ್ಯಯದಲ್ಲಿ ಚಿನ್ನದ ಆಮದು ಸುಂಕವು ಶೇಕಡ 15ರಿಂದ 6ಕ್ಕೆ ಇಳಿಯಿತು. ಹೊರದೇಶದಲ್ಲಿ 100 ರೂಪಾಯಿ ಬಾಳುವ ಚಿನ್ನಕ್ಕೆ ಸುಂಕ ಸೇರಿ 115 ಆಗುತ್ತಿದ್ದುದು 106 ಆಯಿತು. ಹಟ್ಟಿಯ ಚಿನ್ನ ಹಡಗೇರಿ ಬಂದದ್ದಲ್ಲ. ಆದರೂ ಪೇಟೆಯಲ್ಲಿ ಅದಕ್ಕೂ ಅದೇ ಬೆಲೆ. ಮಗಳ ಮದುವೆಗೆಂದು ಹಿಂದಿನ ದಿನ ಒಡವೆ ಕೊಂಡ ತಂದೆಗೆ ಆದ ನಷ್ಟ ಸಣ್ಣದಲ್ಲ. ಅವನಿಗೆ ಮಾರಿದವನು ಏನೂ ಅರಿಯದವನಾಗಿದ್ದರೆ ಅದು ವ್ಯಾಪಾರ. ಅರಿತವನಾಗಿದ್ದರೆ ಅದಕ್ಕೆ ಬೇರೆ ಹೆಸರುಂಟು.

ಅರಿತಿದ್ದನೇ ಎಂಬುದನ್ನು ತಿಳಿಯುವುದು ಹೇಗೆ? ತೊಡಕಿರುವುದು ಇಲ್ಲಿಯೇ. ಮಳೆಯ ಬರವನ್ನೂ ಉಗ್ರಾಣದ ದಾಸ್ತಾನನ್ನೂ ಸಮೀಪಿಸುತ್ತಿರುವ ಚುನಾವಣೆಯನ್ನೂ ನೋಡಿ, ನುರಿತ ವ್ಯಾಪಾರಿಯು ಸರಕಾರದ ಮನಸ್ಸನ್ನು ಊಹಿಸಬಲ್ಲನು. ಅದು ಅವನ ಜಾಣತನ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಊಹೆಯ ಲಾಭವೂ ಸೋರಿಕೆಯ ಲಾಭವೂ ಒಂದೇ ಬಗೆಯಾಗಿ ಬರೆಯಲ್ಪಡುತ್ತವೆ.

1936ರಲ್ಲಿ ಇಂಗ್ಲೆಂಡಿನಲ್ಲಿ ಈ ಗಂಟನ್ನು ಬಿಡಿಸಿದ ಬಗೆ ಗಮನಿಸತಕ್ಕದ್ದು. ಆ ವರ್ಷದ ಆಯವ್ಯಯದಲ್ಲಿ ಆದಾಯ ತೆರಿಗೆ ಏರಿತು. ತೆರಿಗೆ ಏರುವುದರ ವಿರುದ್ಧ ಲಾಯ್ಡ್ಸ್ ಎಂಬ ವಿಮಾ ಪೇಟೆಯಲ್ಲಿ ವಿಮೆ ಇಳಿಸುವ ರೂಢಿ ಆಗ ಅಲ್ಲಿ ಇತ್ತು. (ಯಾವುದಕ್ಕೆ ತಾನೇ ವಿಮೆ ಇಲ್ಲ!) ಆಯವ್ಯಯದ ಮುಂಚಿನ ದಿನಗಳಲ್ಲಿ ಆ ವಿಮೆಗೆ ಬಂದ ಬೇಡಿಕೆ ಅನುಮಾನಕ್ಕೆ ಕಾರಣವಾಯಿತು. ನ್ಯಾಯಮೂರ್ತಿ ಪೋರ್ಟರರ ನ್ಯಾಯಮಂಡಲಿಯು ವಿಚಾರಣೆ ನಡೆಸಿ, ವಸಾಹತು ಸಚಿವ ಜೆ. ಎಚ್. ಥಾಮಸರಿಂದ ಗುಟ್ಟು ಹೊರಬಿದ್ದಿತೆಂದು ತೀರ್ಮಾನಿಸಿತು. ಅವರು ನಿರಾಕರಿಸಿದರು, ಆದರೂ ಪದವಿಯನ್ನೂ ಪಾರ್ಲಿಮೆಂಟಿನ ಸ್ಥಾನವನ್ನೂ ಬಿಡಬೇಕಾಯಿತು. 1947ರಲ್ಲಿ ಅರ್ಥಸಚಿವ ಹ್ಯೂ ಡಾಲ್ಟನರು ಸಭೆಗೆ ಹೋಗುವಾಗ ದಾರಿಯಲ್ಲಿ ಪತ್ರಕರ್ತನೊಬ್ಬನಿಗೆ ನಾಲ್ಕು ಮಾತು ಹೇಳಿ, ಮರುದಿನವೇ ರಾಜೀನಾಮೆಯಿತ್ತರು.

ನಮ್ಮ ದೇಶದಲ್ಲಿ 1950ರ ಆಯವ್ಯಯದ ಕೆಲವು ಭಾಗ ಸೋರಿತು. ಆಮೇಲೆ ಅದರ ಮುದ್ರಣವನ್ನು ರಾಷ್ಟ್ರಪತಿ ಭವನದಿಂದ ಮಿಂಟೋ ರಸ್ತೆಯ ಮುದ್ರಣಾಲಯಕ್ಕೂ, 1980ರಲ್ಲಿ ನಾರ್ತ್ ಬ್ಲಾಕಿನ ನೆಲಮಾಳಿಗೆಗೂ ಸಾಗಿಸಿದರು. ಹಲ್ವ ಹಂಚಿದ ಮೇಲೆ ನೌಕರರು ಆಯವ್ಯಯ ಮಂಡನೆಯಾಗುವವರೆಗೆ ಮನೆಗೆ ಹೋಗದೆ ಅಲ್ಲಿಯೇ ಉಳಿಯುವ ಪದ್ಧತಿಯೂ ಬೆಳೆಯಿತು. ಬಾಗಿಲ ಕಾವಲು ಇಷ್ಟು ಬಿಗಿ. ತನಿಖೆಯ ವಿಷಯದಲ್ಲಿ ಆ ಬಿಗಿ ಕಾಣದು. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ, ಕೆಲವರಿಗೆ ಮೊದಲೇ ತಿಳಿದಿತ್ತೆಂದು ವಿರೋಧಪಕ್ಷದವರು ಆರೋಪಿಸಿದರು, ಸರಕಾರ ಅಲ್ಲಗಳೆಯಿತು. ಅವರು ಕೇಳಿದ ಜಂಟಿ ಸಂಸದೀಯ ಸಮಿತಿಯ ತನಿಖೆ ನಡೆಯಲಿಲ್ಲ. ಆದುದರಿಂದ ಆರೋಪ ಸುಳ್ಳೆಂದು ಸ್ಥಾಪಿತವಾಗಲಿಲ್ಲ, ನಿಜವೆಂದೂ ಆಗಲಿಲ್ಲ. ಆರೋಪಿತರಿಗೂ ಇದು ಅನ್ಯಾಯವೇ.

ಸಿಂಧನೂರಿಗೂ ಲಿಂಗಸುಗೂರಿಗೂ ಸಮೀಪದಲ್ಲಿಯೇ ಮಸ್ಕಿ ಇದೆ. ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ 1915ರಲ್ಲಿ ಅಲ್ಲಿ ದೊರೆತದ್ದು ಅಶೋಕನ ಹೆಸರುಳ್ಳ ಶಾಸನ. ಸಣ್ಣವರಿಗೂ ದೊಡ್ಡವರಿಗೂ ಈ ಮಾತನ್ನು ತಿಳಿಸಬೇಕೆಂದು ಅದರಲ್ಲಿ ಆಜ್ಞೆಯಿದೆ. ಭಾಷೆ ಪ್ರಾಕೃತ; ಊರವರಿಗೆ ಯಾರಾದರೂ ಓದಿ ಹೇಳಬೇಕಾಗಿತ್ತೆಂದು ತೋರುತ್ತದೆ. ಇಂದು ಅಕ್ಕಿಯ ರಫ್ತಿನ ಆಜ್ಞೆ ದಿಲ್ಲಿಯ ಗೆಜೆಟ್ಟಿನಲ್ಲಿ ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರಕಟವಾಗುತ್ತದೆ. ಗಂಜಿಗೆ ಬಂದ ರೈತನು ಅದನ್ನು ಬಹುಮಟ್ಟಿಗೆ ದಲಾಲನ ಬಾಯಿಂದಲೇ ಕೇಳುತ್ತಾನೆ; ಅಷ್ಟುಹೊತ್ತಿಗೆ ಅಂದಿನ ದರ ಗೊತ್ತಾಗಿಹೋಗಿರುತ್ತದೆ.