ಐದೇ ಐದು ರನ್

ರಣಜಿ ಪಂದ್ಯವೆಂದರೆ ಈಗಿನ ಮಕ್ಕಳಿಗೆ ಅಷ್ಟು ರುಚಿಸದು. ಬಣ್ಣದ ಅಂಗಿ ಇಲ್ಲ, ಪಟಾಕಿ ಇಲ್ಲ. ನಮ್ಮ ಗೋರ್ಟಾ (ಬಿ) ಹುಡುಗರು ರಾಶಿ ಮುಗಿದ ತೊಗರಿ ಹೊಲದಲ್ಲಿ ಆಡುವ ಆಟಕ್ಕೇ ಇದಕ್ಕಿಂತ ಹೆಚ್ಚು ಗದ್ದಲ ಇರುತ್ತದೆ. ಆದರೂ ನನಗೆ ಅದರ ಹುಚ್ಚು.

2017ರ ಡಿಸೆಂಬರಿನಲ್ಲಿ ಕೋಲ್ಕತ್ತಾದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅದೇ ವಾರ ಈಡನ್ ಗಾರ್ಡನ್ಸ್‌ನಲ್ಲಿ ಕರ್ನಾಟಕ–ವಿದರ್ಭ ಸೆಮಿಫೈನಲ್. ಐದನೆಯ ದಿನ, 21ನೇ ತಾರೀಖು, ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಹೂಗ್ಲಿ ನದಿ ಕಡೆಯಿಂದ ಥಂಡಿ ಗಾಳಿ. ನಾನು ಸ್ವೆಟರ್ ಮೇಲೆ ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿದ್ದೆ. ಅರವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಮೈದಾನ. ಕೂತವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಸಿಮೆಂಟಿನ ತಂಪು ಕುರ್ಚಿಯನ್ನೂ ದಾಟಿ ಬರುತ್ತಿತ್ತು.

ಲೆಕ್ಕ ಹೀಗಿತ್ತು ನೋಡಿ. ವಿದರ್ಭ 185 ಮತ್ತು 313. ನಮ್ಮವರು ಮೊದಲ ಇನಿಂಗ್ಸ್‌ನಲ್ಲಿ 301, ಅದರಲ್ಲಿ ಕರುಣ್ ನಾಯರ್ ಒಬ್ಬರದೇ 153. ಗೆಲ್ಲಲು 198 ಬೇಕು. ಹಿಂದಿನ ಸಂಜೆಗೆ 7 ವಿಕೆಟ್‌ಗೆ 111 ಆಗಿತ್ತು. ಅಂದರೆ ಇನ್ನು 87 ರನ್, ಕೈಯಲ್ಲಿ ಮೂರೇ ವಿಕೆಟ್. ಮೊದಲ ಇನಿಂಗ್ಸ್‌ನ ಮುನ್ನಡೆ ನಮ್ಮದಿತ್ತಲ್ಲ, ದಿನವಿಡೀ ಔಟಾಗದೆ ನಿಂತು ಡ್ರಾ ಮಾಡಿದ್ದರೂ ಫೈನಲ್‌ಗೆ ನಾವೇ!

ನಾಯಕ ವಿನಯ್ ಕುಮಾರ್ 36 ಹೊಡೆದರು. ಅವರು ಹೋದ ಮೇಲೆ ಮಿಥುನ್ ಧೈರ್ಯ ಮಾಡಿ 33 ಬಾರಿಸಿದರು. ಇನ್ನೊಂದು ತುದಿಯಲ್ಲಿ ಶ್ರೇಯಸ್ ಗೋಪಾಲ್ ಗೂಟ ಹೊಡೆದಂತೆ ನಿಂತಿದ್ದರು. ರನ್ ಹತ್ತಿರ ಬಂದಂತೆಲ್ಲ ನನಗೆ ಥಂಡಿ ಮರೆತೇಹೋಯಿತು. ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ಮಿಥುನ್ ಔಟ್. ಕೊನೆಯ ಜೋಡಿ ಒಂದೊಂದೇ ರನ್ ಕೂಡಿಸಿತು. 192ಕ್ಕೆ ಅರವಿಂದ್ ಔಟ್. ವಿದರ್ಭದ ಹುಡುಗರು ಓಡೋಡಿ ಬಂದು ಒಬ್ಬರ ಮೇಲೊಬ್ಬರು ಬಿದ್ದರು. 24 ರನ್ ಮಾಡಿದ್ದ ಶ್ರೇಯಸ್ ಔಟಾಗದೆ ಉಳಿದಿದ್ದರು.

ಬ್ಯಾಂಕಿನಲ್ಲಿ ಐದು ಪೈಸೆ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಲೆಡ್ಜರ್ ತಿರುವುತ್ತಿದ್ದವನು ನಾನು. ಈ ಐದು ರನ್ನನ್ನು ಎಲ್ಲಿ ಹುಡುಕಲಿ?

"ಮುತ್ಯಾ, ಆ ಬೌಲರ್ ಭಾಳ ಛಲೋ ಹಾಕಿದ ಅಲ್ಲ?" ಎಂದಳು ಮೊಮ್ಮಗಳು. ನನಗೆ ಸಿಟ್ಟೇ ಬಂತು. ಆದರೆ ಅವಳು ಹೇಳಿದ್ದು ಖರೆ. ರಜನೀಶ್ ಗುರ್ಬಾನಿ, 24ರ ಹರೆಯದ, ಇಂಜಿನಿಯರಿಂಗ್ ಓದಿದ ಹುಡುಗ. ಆ ಇನಿಂಗ್ಸ್‌ನಲ್ಲಿ 68 ರನ್‌ಗೆ 7 ವಿಕೆಟ್. ಪಂದ್ಯದಲ್ಲಿ ಒಟ್ಟು ಹನ್ನೆರಡು. ಅಂಥ ಬೌಲಿಂಗನ್ನು ಟಿವಿಯಲ್ಲಲ್ಲ, ಕಣ್ಣೆದುರೇ ನೋಡಿದೆವು. ಹೊರಗೆ ಬಂದು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುವಾಗ ಅಷ್ಟು ಒಪ್ಪಿಕೊಂಡೆ.

ಮುಂದೆ ಇಂದೋರ್ ಫೈನಲ್‌ನಲ್ಲಿ ಇದೇ ಗುರ್ಬಾನಿ ದೆಹಲಿ ವಿರುದ್ಧ ಹ್ಯಾಟ್ರಿಕ್ ತೆಗೆದ. 2018ರ ಜನವರಿ 1ರಂದು ವಿದರ್ಭ ಮೊದಲ ಬಾರಿ ರಣಜಿ ಕಪ್ ಎತ್ತಿತು. ಕೆಲವು ವರ್ಷಗಳ ನಂತರ ನಮ್ಮ ಕರುಣ್ ನಾಯರ್ ಅದೇ ವಿದರ್ಭಕ್ಕೆ ಆಡಲು ಹೋದರು. ಆಗ ಮೊಮ್ಮಗಳು ಫೋನ್ ಮಾಡಿ, "ಮುತ್ಯಾ, ಈಗ ನೀ ಯಾರ ಕಡೆ?" ಎಂದು ಕೇಳಿದಳು.