ಬದುವಿನ ಬೊಡ್ಡೆಯಲ್ಲಿ ಅಂಬಿನ ಕೋಲು

ನಮ್ಮೂರಲ್ಲಿ ವಿಜಯದಶಮಿ ದಿನ ಸಂಜೆ ದೇವರು ಬನ್ನಿ ಮರಕ್ಕೆ ಹೋಗುತ್ತದೆ. ಅಲ್ಲಿ ನೆಟ್ಟ ಬಾಳೆಕಂದಿಗೆ ಅಂಬು ಹೊಡೆದ ಮೇಲೆಯೇ ಜನ ಬನ್ನಿ ಮುಡಿಯೋದು. ಚಿತ್ರದುರ್ಗ ಸೀಮೆಯ ಹಲವು ಊರುಗಳಲ್ಲಿ ಇದಕ್ಕೆ ಅಂಬಿನೋತ್ಸವ ಅಂತಾರೆ. ಬಿಲ್ಲು ದೇವಸ್ಥಾನದ್ದು, ಅಂಬಿನ ಕಬ್ಬಿಣದ ಮೊನೆಯೂ ದೇವಸ್ಥಾನದ್ದು. ಕೋಲು ಮಾತ್ರ ನಮ್ಮ ಮನೆಯಿಂದ ಹೋಗಬೇಕು. ತಾತನ ಕಾಲದಿಂದಲೂ ಹೀಗೇ.

2014ರಲ್ಲಿ ನಾನು ಕೊಟ್ಟ ಕೋಲು ಹೊಡೆಯುವಾಗಲೇ ಮುರಿಯಿತು. ಅದರ ಸಿಗುರು ಬಿಲ್ಲು ಹಿಡಿದಿದ್ದ ನಮ್ಮ ದೊಡ್ಡಪ್ಪನ ಮಗನ ಎಡಗೈಗೆ ಹೊಕ್ಕಿತು. ಅಣ್ಣನ ಕೈ ವಾಸಿಯಾಗಲು ತಿಂಗಳು ಹಿಡಿಯಿತು, ಆ ಸಲ ಶೇಂಗಾ ಕೀಳಲು ಆಗಲಿಲ್ಲ. ಊರವರು ಮಳೆ ಬೆಳೆಗೆ ಅಪಶಕುನ ಅಂದರು. ಅಣ್ಣ ಮಾತ್ರ, "ಶಕುನ ಅಲ್ಲ ಕಣೋ, ನಿನ್ನ ಕೋಲು ಸರಿ ಇಲ್ಲ" ಅಂದ. ಅವನು ಹೇಳಿದ್ದೇ ನಿಜ. ತಪ್ಪು ಎಲ್ಲಿ ಆಯಿತು ಅಂತ ಬರೆದರೆ ಅಂಬು ಮಾಡದವರಿಗೂ ಉಪಯೋಗ ಆದೀತು. ಬಾರುಕೋಲು, ಕೊಡಲಿ ಕಾವು, ಗುದ್ದಲಿ ಕಾವು ಎಲ್ಲದಕ್ಕೂ ಒಂದೇ ಲೆಕ್ಕ. ಹಳಗನ್ನಡದಲ್ಲಿ ಕೋಲು ಅಂದರೆ ಬಾಣ ಅಂತಲೂ ಅರ್ಥ ಇದೆಯಂತೆ, ನಮ್ಮೂರ ಮೇಷ್ಟ್ರು ಹೇಳಿದರು.

ಒಂದು ಸಾಲು ಶೇಂಗಾ ಆಸೆಗೆ

ನಮ್ಮ ಮೇಲಿನ ಹೊಲದ ಬದುವಿನಲ್ಲಿ ದಡಸಲು ಗಿಡದ ಪೊದೆ ಇತ್ತು. ಕೆಲವು ಕಡೆ ಇದನ್ನೇ ತಡಸಲು ಅಂತಾರೆ. ಹಣ್ಣು ಹುಡುಗರು ತಿಂತಾರೆ, ಸೊಪ್ಪು ಆಡಿಗೆ ಇಷ್ಟ, ತೊಗಟೆಯ ನಾರು ಹಗ್ಗಕ್ಕೆ ಬರುತ್ತದೆ. ಮರ ಬಾಗುತ್ತದೆ, ಬೇಗ ಮುರಿಯೋದಿಲ್ಲ. ಅದಕ್ಕೇ ಹಿಂದಿನವರು ಕಾವಿಗೆ, ಗಾಡಿ ಸಾಮಾನಿಗೆ ಇದನ್ನೇ ಹುಡುಕೋರು. ಅಪ್ಪ ವರ್ಷಾ ವರ್ಷಾ ಪೊದೆಯ ಬುಡ ಕಡಿದು ಕೋಲು ತರುತ್ತಿದ್ದರು.

2012ರಲ್ಲಿ ಯಂತ್ರ ತರಿಸಿ ಬದು ಸವರಿಸಿದೆ. ಒಂದು ಸಾಲು ಶೇಂಗಾ ಹೆಚ್ಚು ಬರಲಿ ಅನ್ನೋ ಆಸೆ. ಪೊದೆ ಹೋಯಿತು. ಮರುವರ್ಷ ಅಟ್ಟದ ಮೇಲಿದ್ದ ಅಪ್ಪನ ಕಾಲದ ಕೊನೆಯ ಕೋಲು ಕೊಟ್ಟೆ. 2014ಕ್ಕೆ ಕೋಲೇ ಇಲ್ಲ. ಕೊಯ್ದ ರೀಪಿನ ತುಂಡು ತಂದು ಬಡಗಿ ಹತ್ತಿರ ದುಂಡಗೆ ಹೆರೆಸಿದೆ. ನೋಡಲು ಬಹಳ ಚೆಂದ, ಅಪ್ಪ ಮಾಡಿದ ಯಾವ ಕೋಲೂ ಅಷ್ಟು ನುಣುಪು ಇರಲಿಲ್ಲ. ಮುರಿದದ್ದು ಅದೇ.

ಕೊಯ್ದ ಮರ ಯಾಕೆ ಮುರಿಯುತ್ತದೆ

ಮುರಿದ ತುಂಡು ನೋಡಿದರೆ ಕಾರಣ ಗೊತ್ತಾಗುತ್ತದೆ. ಅಡ್ಡಕ್ಕೆ ಮುರಿದಿರಲಿಲ್ಲ, ಕೊಕ್ಕಿನ ಹಾಗೆ ಓರೆಗೆ ಸೀಳಿತ್ತು. ಮರದೊಳಗೆ ನಾರಿನ ಎಳೆ ಬುಡದಿಂದ ತುದಿಗೆ ಹೋಗುತ್ತದೆ, ಆದರೆ ಗರಗಸದ ಹಾಗೆ ನೆಟ್ಟಗೆ ಹೋಗೋದಿಲ್ಲ. ಗಂಟು ಬಂದರೆ ಸುತ್ತಿಕೊಂಡು ಹೋಗುತ್ತದೆ, ಕೆಲವು ಮರದಲ್ಲಿ ತಿರುಚಿಕೊಂಡಿರುತ್ತದೆ. ಗರಗಸಕ್ಕೆ ಇದು ಗೊತ್ತಿಲ್ಲ. ನೆಟ್ಟಗೆ ಕೊಯ್ದಾಗ ಎಳೆ ನಡುವೆ ತುಂಡಾಗಿ ಪಕ್ಕಕ್ಕೆ ಹೊರಬೀಳುತ್ತದೆ. ಆ ಜಾಗವೇ ಸೀಳುವ ಜಾಗ.

ಬಿಲ್ಲಿನ ಹೆದೆ ಬಿಟ್ಟಾಗ ಅಂಬಿನ ಹಿಂಬದಿಗೆ ಒಮ್ಮೆಲೇ ಏಟು ಬೀಳುತ್ತದೆ. ಕೋಲು ಹಾವಿನ ಹಾಗೆ ಬಳುಕಿ ಮುಂದೆ ಹೋಗುತ್ತದೆ. ಎಳೆ ತುಂಡಾದ ಕೋಲು ಬಳುಕುವ ಬದಲು ಸೀಳುತ್ತದೆ. ಕೊಡಲಿ ಕಾವೂ ಹೀಗೇ ಮುರಿಯೋದು. ಸಂತೆಯಲ್ಲಿ ಕಾವು ಕೊಳ್ಳುವಾಗ ನುಣುಪು ನೋಡಬೇಡಿ, ಎಳೆ ನೋಡಿ. ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿದ್ದರೆ ತನ್ನಿ, ಪಕ್ಕಕ್ಕೆ ಇಳಿದಿದ್ದರೆ ಅಲ್ಲೇ ಬಿಡಿ. ತಾನಾಗಿ ಬೆಳೆದ ಕೋಲಿನಲ್ಲಿ ಈ ತಾಪತ್ರಯ ಇಲ್ಲ. ತೊಗಟೆ ಮಾತ್ರ ತೆಗೆದರೆ ಎಳೆಯೆಲ್ಲಾ ಇಡಿಯಾಗಿ ಇರುತ್ತದೆ.

ಇದು ಇವತ್ತಿನ ಬುದ್ಧಿ ಅಲ್ಲ. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿ ಗಡಿಯ ಆಲ್ಪ್ಸ್ ಬೆಟ್ಟದ ಹಿಮದಲ್ಲಿ ಸುಮಾರು 5300 ವರ್ಷ ಹಳೆಯ ಮನುಷ್ಯನ ಹೆಣ ಸಿಕ್ಕಿತು. ಓಟ್ಸಿ ಅಂತ ಹೆಸರಿಟ್ಟಿದ್ದಾರೆ. ಅವನ ಬತ್ತಳಿಕೆಯಲ್ಲಿ 14 ಕೋಲು ಇದ್ದವು. ಎರಡು ಮಾತ್ರ ಪೂರ್ತಿ ಆದ ಅಂಬು, ಉಳಿದ 12 ಇನ್ನೂ ಮಾಡಬೇಕಾದ ಕೋಲು. ಅಲ್ಲಿನ ವೈಬರ್ನಮ್ ಎಂಬ ಪೊದೆ ಗಿಡದ ನೆಟ್ಟನೆ ಚಿಗುರು ಕಡಿದು ಮಾಡಿದವು. ಉದ್ದ ಸುಮಾರು 85 ಸೆಂಟಿಮೀಟರ್, ಅಂದರೆ ನಮ್ಮ ಎರಡು ಮೊಳಕ್ಕೆ ಎರಡು ಮೂರು ಬೆರಳು ಕಮ್ಮಿ. ನಾವು ಮಾಡೋದೂ ಎರಡು ಮೊಳದ ಕೋಲೇ. ಅವನ ಕೊಡಲಿಯ ಕಾವು ಕೂಡ ಕೊಂಬೆ ಕವಲೊಡೆದ ಜಾಗದ್ದು. ಮರದಲ್ಲೇ ಇದ್ದ ಬಾಗು ನೋಡಿ ಆರಿಸಿದ್ದ. ನಮ್ಮ ಹಿರಿಯರು ನೇಗಿಲಿಗೆ ಬಾಗಿದ ಜಾಲಿ ಹುಡುಕುತ್ತಿದ್ದದ್ದೂ ಇದಕ್ಕೇ ಅಲ್ಲವೇ?

ಕಡಿದರೇ ನೆಟ್ಟಗೆ ಬರೋದು

ತಾನಾಗಿ ಬೆಳೆದ ಕೋಲು ಅಂದೆ. ಹಾಗಂತ ಸುಮ್ಮನೆ ಬಿಟ್ಟ ಗಿಡದಲ್ಲಿ ಒಳ್ಳೆ ಕೋಲು ಸಿಗೋದಿಲ್ಲ. ಬೀಜದಿಂದ ಹುಟ್ಟಿದ ಗಿಡಕ್ಕೆ ಬೇರು ಚಿಕ್ಕದು, ನಿಧಾನಕ್ಕೆ ಬೆಳೆದು ಪಕ್ಕಕ್ಕೆ ಕವಲೊಡೆಯುತ್ತದೆ. ಬುಡಕ್ಕೆ ಕಡಿದ ಬೊಡ್ಡೆಯ ಕೆಳಗೆ ಇಡೀ ಮರದ ಬೇರು ಇರುತ್ತದೆ. ಅಷ್ಟೂ ಬಲ ನಾಲ್ಕಾರು ಚಿಗುರಿಗೆ ಸಿಗುತ್ತದೆ. ಮೊದಲ ಮಳೆಗೆ ಎದ್ದ ಚಿಗುರು ಕವಲೊಡೆಯದೆ ಮೇಲಕ್ಕೆ ಓಡುತ್ತದೆ. ಒತ್ತಾಗಿ ಎದ್ದಿರುವುದರಿಂದ ಒಂದಕ್ಕೊಂದು ಪೈಪೋಟಿಯಲ್ಲಿ ಬೆಳಕಿಗೆ ಹೋಗುತ್ತವೆ.

ಸೊಟ್ಟ ಆಗೋದು ಬಹಳ ಮಾಡಿ ಆಡಿನ ಬಾಯಿಂದ. ಆಡು ಕುಡಿ ಕಚ್ಚಿದರೆ ಅಲ್ಲಿಗೆ ಕೋಲು ಮುಗಿಯಿತು. ಪಕ್ಕದಿಂದ ಎರಡು ಕವಲು ಬರುತ್ತವೆ. ಅದಕ್ಕೇ ಬೊಡ್ಡೆ ಸುತ್ತ ಜಾಲಿ ಮುಳ್ಳು ಒಟ್ಟಬೇಕು. ಆಡು ಹಿಂಗಾಲ ಮೇಲೆ ನಿಂತು ಎಟುಕಿಸುತ್ತದೆ, ಮುಳ್ಳು ಅಗಲಕ್ಕೆ ಹಾಕಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ಗಿಡದಲ್ಲಿ ಸೊಟ್ಟ ಆದದ್ದನ್ನು ಆಮೇಲೆ ನೆಟ್ಟಗೆ ಮಾಡೋದೂ ಅಷ್ಟೇ ಕಷ್ಟ.

ನಾನು ಮಾಡುವ ಕ್ರಮ

ಬೇಸಿಗೆಯಲ್ಲಿ, ಮಳೆಗೆ ಮುಂಚೆ, ಹರಿತ ಮಚ್ಚಿನಿಂದ ನೆಲಕ್ಕೆ ಹತ್ತಿರ ಓರೆಗೆ ಕಡಿಯುತ್ತೇನೆ. ಓರೆ ಇದ್ದರೆ ಬೊಡ್ಡೆ ಮೇಲೆ ನೀರು ನಿಲ್ಲೋದಿಲ್ಲ. ತೊಗಟೆ ಸುಲಿಯಬಾರದು. ಚಿಗುರು ಗೇಣುದ್ದ ಆದಾಗ ಬಲವಾದ ಆರೇಳು ಉಳಿಸಿ ಉಳಿದದ್ದನ್ನು ಆಡಿಗೆ ಹಾಕುತ್ತೇನೆ.

ಕೋಲು ಕಡಿಯೋದು ಪುಷ್ಯ, ಮಾಘದಲ್ಲಿ, ಎಲೆ ಉದುರುವ ಕಾಲಕ್ಕೆ. ಕತ್ತಲಲ್ಲಿ, ಅಮಾವಾಸ್ಯೆ ಹತ್ತಿರ ಕಡಿ ಅಂತ ಅಪ್ಪ ಹೇಳೋರು. ನಾನು ಚಂದ್ರನಿಗಿಂತ ಎಲೆ ನೋಡುತ್ತೇನೆ. ಆಗ ಕಡಿದರೆ ಬೊಡ್ಡೆ ಬಡವಾಗೋದಿಲ್ಲ, ಮುಂದಿನ ಮಳೆಗೆ ಮತ್ತೆ ಏಳುತ್ತದೆ. ಮಳೆಗಾಲದಲ್ಲಿ ಕಡಿದ ಕೋಲು ಒಣಗದೆ ಬೂಷ್ಟು ಹಿಡಿಯುತ್ತದೆ. ಅಂಬಿಗೆ ಕಿರುಬೆರಳ ದಪ್ಪ, ಒಂದೇ ಮಳೆಯ ಚಿಗುರು ಸಾಕು. ಬಾರುಕೋಲಿಗೆ ಎರಡು ವರ್ಷ ಬಿಡಬೇಕು. ಕಾವಿಗೆ ಮುಷ್ಟಿ ತುಂಬುವ ದಪ್ಪ ಬೇಕು, ಅದಕ್ಕೆ ಇನ್ನೂ ಕಾಯಬೇಕು. ಬೇಕಾದ್ದಕ್ಕಿಂತ ಒಂದು ಗೇಣು ಉದ್ದ ಕಡಿಯಿರಿ, ತುದಿ ಬಿರಿದರೆ ಕತ್ತರಿಸಬಹುದು.

ತಂದ ಕೂಡಲೇ ಎರಡೂ ತುದಿಗೆ ಸಗಣಿ ಮೆತ್ತುತ್ತೇನೆ. ನೀರು ತುದಿಯಿಂದ ಬೇಗ ಆರುತ್ತದೆ, ಅಲ್ಲೇ ಮೊದಲು ಬಿರಿಯುತ್ತದೆ. ತೊಗಟೆ ಇರುವಾಗಲೇ ಹತ್ತು ಕೋಲು ಸೇರಿಸಿ ಮೂರು ಕಡೆ ಬಿಗಿಯಾಗಿ ಕಟ್ಟಿ ನೆರಳಲ್ಲಿ ಇಡಬೇಕು. ಒಂದನ್ನೊಂದು ಹಿಡಿದುಕೊಂಡು ನೆಟ್ಟಗೆ ಒಣಗುತ್ತವೆ. ಬಿಸಿಲಿಗೆ ಹಾಕಬಾರದು. ತಿಂಗಳಾದ ಮೇಲೆ ತೊಗಟೆ ಹೆರೆದು ಮತ್ತೆ ಕಟ್ಟಿ ಒಲೆ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಹೊಗೆ ತಗುಲಿದರೆ ಹುಳ ಹತ್ತೋದು ಕಮ್ಮಿ.

ಮಹಾನವಮಿಗೆ ತಿಂಗಳು ಇರುವಾಗ ಇಳಿಸಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತೇನೆ. ಸೊಟ್ಟ ಇರುವ ಜಾಗವನ್ನು ಕೆಂಡದ ಮೇಲೆ ತಿರುಗಿಸುತ್ತಾ ಕಾಯಿಸಬೇಕು. ಕೈಗೆ ತಡೆಯದಷ್ಟು ಬಿಸಿ ಆಗಬೇಕು, ಕಪ್ಪಾಗಬಾರದು. ಗೋಣಿ ಬಟ್ಟೆಯಲ್ಲಿ ಹಿಡಿದು ಆ ಕಡೆಗೆ ಒಂದಿಷ್ಟು ಹೆಚ್ಚೇ ಬಗ್ಗಿಸಿ, ಆರುವ ತನಕ ಬಿಡಬಾರದು. ಮರುದಿನ ಮತ್ತೆ ನೋಡಿ. ಮೂರು ಸಲ ಮಾಡಿದರೂ ಹಳೆ ಸೊಟ್ಟಕ್ಕೆ ಹೋದರೆ ಅದು ಒಲೆಗೆ.

ಗಂಟು ಇದ್ದ ಕಡೆ ಸಮ ಮಾಡಲು ಹೋಗಬೇಡಿ, ಚೂರು ಉಬ್ಬು ಇರಲಿ. ಕೆತ್ತಿದರೆ ಎಳೆ ತುಂಡಾಗುತ್ತದೆ. ಬುಡದ ಕಡೆ ದಪ್ಪ, ಅದಕ್ಕೆ ಮೊನೆ ಹಾಕಬೇಕು. ಮುಂದೆ ಭಾರ ಇದ್ದರೆ ಅಂಬು ನೆಟ್ಟಗೆ ಹೋಗುತ್ತದೆ. ಕೊನೆಗೆ ಎರಡೂ ತುದಿ ಹಿಡಿದು ಸ್ವಲ್ಪವೇ ಬಗ್ಗಿಸಿ, ತಿರುಗಿಸಿ ಮತ್ತೆ ಬಗ್ಗಿಸಿ ಕಿವಿಗೊಟ್ಟು ಕೇಳಬೇಕು. ಎಲ್ಲಾದರೂ ಚಟ್ ಅಂದರೆ ಆ ಕೋಲು ಬೇಡ. 2014ರಲ್ಲಿ ನಾನು ಇದೊಂದು ಮಾಡಿದ್ದರೂ ಅಣ್ಣನ ಕೈ ಉಳಿಯುತ್ತಿತ್ತೋ ಏನೋ.

ಬೇರು ಸತ್ತಿರಲಿಲ್ಲ

2015ರ ಮಳೆಯಲ್ಲಿ ಮೂಲೆಯ ಗಡಿಕಲ್ಲಿನ ಪಕ್ಕ ದಡಸಲಿನ ಎರಡು ಚಿಗುರು ಕಂಡವು. ಯಂತ್ರ ಕಲ್ಲಿನ ಹತ್ತಿರ ಹೋಗಿರಲಿಲ್ಲ, ಬೇರು ಉಳಿದಿತ್ತು. ಮುಳ್ಳು ಹಾಕಿ ಕಾದೆ. ಆ ವರ್ಷ, ಮರುವರ್ಷ ಪೇಟೆಯಿಂದ ಬಿದಿರಿನ ಕೋಲು ತಂದು ಕೊಟ್ಟೆ. ಬಿದಿರು ಕೆಟ್ಟದ್ದಲ್ಲ, ಆದರೆ ನಮ್ಮ ಹೊಲದ್ದಲ್ಲ. 2016ರ ಬೇಸಿಗೆಯಲ್ಲಿ ಬುಡಕ್ಕೆ ಕಡಿದೆ. ಆ ವರ್ಷ ಬರ, ನನ್ನ ಶೇಂಗಾ ಬೀಜದ ದುಡ್ಡೂ ಹುಟ್ಟಲಿಲ್ಲ. ಆದರೂ ಆ ಬೊಡ್ಡೆಯಲ್ಲಿ ಐದು ಕೋಲು ನಾಲ್ಕು ಅಡಿ ದಾಟಿದ್ದವು. ಆಳದ ಬೇರಿಗೆ ಎಲ್ಲೋ ತೇವ ಸಿಕ್ಕಿರಬೇಕು. 2017ರ ವಿಜಯದಶಮಿಗೆ ಅದರದೇ ಅಂಬು. ಹೊಡೆದವನು ಅದೇ ಅಣ್ಣ. ಕೋಲನ್ನು ತಾನೇ ಮೂರು ಸಲ ಬಗ್ಗಿಸಿ, ಕಿವಿಗಿಟ್ಟು ನೋಡಿದ ಮೇಲೆಯೇ ಹೆದೆಗೆ ಇಟ್ಟ. ಬಾಳೆಕಂದಿಗೆ ನೆಟ್ಟಿತು.

ಈಗ ಬದುವಿನಲ್ಲಿ ಇಂಥ ನಾಲ್ಕು ಬೊಡ್ಡೆ ಇವೆ. ಒಂದೊಂದು ವರ್ಷ ಒಂದೊಂದನ್ನು ಕಡಿಯುತ್ತೇನೆ. ನಡುವೆ ಲಕ್ಕಿ, ಬಂದರೆ ಇವೆ. ಅವನ್ನು ಆಡು ಮುಟ್ಟೋದಿಲ್ಲ, ಬೇಲಿಗೂ ಆಯಿತು. ಲಕ್ಕಿ ಬರಲು ಬುಟ್ಟಿಗೆ ಆಗುತ್ತದೆ. ಕೋಲಿಗೆ ಅಂತ ಮೀಸಲು ಅರಣ್ಯಕ್ಕೆ ಮಚ್ಚು ಹಿಡಿದು ಹೋಗಬೇಡಿ, ಅದು ಅಪರಾಧ. ಬೇಕೂ ಇಲ್ಲ, ನಮ್ಮ ಬದುವೇ ಸಾಕು.

ಬದು ಸವರಿ ನನಗೆ ಸಿಕ್ಕಿದ್ದು ಒಂದು ಸಾಲು ಶೇಂಗಾ, ಅದೂ ಮಳೆ ಬಂದ ವರ್ಷ. ಹೋದದ್ದು ಕಾವು, ಬಾರುಕೋಲು, ಸೊಪ್ಪು, ಹಗ್ಗದ ನಾರು ಮತ್ತು ಅಣ್ಣನ ಒಂದು ತಿಂಗಳ ದುಡಿಮೆ. ಬದುವಿಗೆ ಯಂತ್ರ ಇಳಿಸುವ ಮುಂಚೆ ಒಂದು ಸಲ ನಡೆದು, ಅಲ್ಲಿ ಏನೇನಿದೆ ನೋಡಿ. ಗಡಿಕಲ್ಲಿನ ಪಕ್ಕ ಒಂದು ಬೊಡ್ಡೆಯಾದರೂ ಉಳಿಸಿ.

ನಿಮ್ಮ ಸೀಮೆಯಲ್ಲಿ ಕಾವಿಗೆ, ಕೋಲಿಗೆ ಯಾವ ಗಿಡ ಬಳಸುತ್ತೀರಿ, ಯಾವ ತಿಂಗಳು ಕಡಿಯುತ್ತೀರಿ ಅಂತ ಪತ್ರಿಕೆಗೆ ಬರೆಯಿರಿ. ನಾಲ್ಕು ಜನಕ್ಕೆ ಉಪಯೋಗ ಆಗುತ್ತದೆ.