ಐರೋಪ್ಯ ಒಕ್ಕೂಟದ ಬ್ಯಾಟರಿ ನಿಯಮ: ರಫ್ತುದಾರರ ಲೆಕ್ಕಕ್ಕೆ ಬರಬೇಕಾದ ಐದು ವರ್ಷಗಳು

ಮೊಬೈಲ್ ಫೋನಿನ ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ಎತ್ತಿ, ಸೊರಗಿದ ಬ್ಯಾಟರಿಯನ್ನು ತೆಗೆದು ಹೊಸದನ್ನು ಇಡುವುದು ಒಂದು ಕಾಲಕ್ಕೆ ಮನೆಯ ಮಕ್ಕಳಿಗೂ ತಿಳಿದಿದ್ದ ಕೆಲಸವಾಗಿತ್ತು. ಸಾಧನಗಳು ತೆಳುವಾಗುತ್ತ ಬಂದಂತೆ ಬ್ಯಾಟರಿಯು ಅಂಟಿನ ಅಡಿಗೆ ಸೇರಿತು. ಎರಡು ಮೂರು ವರ್ಷಗಳಲ್ಲಿ ಬ್ಯಾಟರಿಯ ಶಕ್ತಿ ಕುಂದಿದರೆ, ಉಳಿದೆಲ್ಲ ಭಾಗಗಳೂ ಸುಸ್ಥಿತಿಯಲ್ಲಿದ್ದರೂ ಸಾಧನವನ್ನೇ ಬದಲಿಸುವ ಪರಿಪಾಠ ಬೆಳೆಯಿತು. ಈ ಪರಿಪಾಠಕ್ಕೆ ತಡೆಯೊಡ್ಡಲು ಐರೋಪ್ಯ ಒಕ್ಕೂಟವು ಕಾನೂನಿನ ಮಾರ್ಗವನ್ನು ಹಿಡಿದಿದೆ.

ಒಕ್ಕೂಟದ ಬ್ಯಾಟರಿ ವಿನಿಯಮ 2023/1542 ದಿನಾಂಕ 17-8-2023ರಂದು ಜಾರಿಗೆ ಬಂದಿತು. ಇದರ 11ನೇ ವಿಧಿಯ ಅನ್ವಯದ ದಿನ 18-2-2027. 2006ರ ಹಳೆಯ ನಿರ್ದೇಶನದಲ್ಲಿಯೂ ಬ್ಯಾಟರಿಯನ್ನು ಸುಲಭವಾಗಿ ಹೊರತೆಗೆಯುವಂತಿರಬೇಕೆಂಬ ಮಾತು ಇತ್ತು. ಆದರೆ ಬಳಕೆದಾರನಿಂದ ಆಗದಿದ್ದರೆ ತಯಾರಕರಿಂದ ಸ್ವತಂತ್ರನಾದ ಅರ್ಹ ತಂತ್ರಜ್ಞನಿಂದ ಆದರೂ ಸಾಕೆಂಬ ಅವಕಾಶ ಅದರಲ್ಲಿತ್ತು. ಅಲ್ಲದೆ ನಿರ್ದೇಶನವನ್ನು ಪ್ರತಿ ಸದಸ್ಯ ರಾಷ್ಟ್ರವೂ ತನ್ನ ಕಾನೂನಾಗಿ ಮಾಡಿಕೊಳ್ಳಬೇಕಿತ್ತು. ವಿನಿಯಮಕ್ಕೆ ಆ ಅಗತ್ಯವಿಲ್ಲ, ಅದು ಎಲ್ಲ ಸದಸ್ಯ ರಾಷ್ಟ್ರಗಳಲ್ಲಿಯೂ ನೇರವಾಗಿ ಅನ್ವಯವಾಗುತ್ತದೆ.

ಹೊಸ ವಿಧಿಯ ಪ್ರಕಾರ, ಮೊಹರಾದ, ಐದು ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ ಒಯ್ಯಬಲ್ಲ ಬ್ಯಾಟರಿಯನ್ನು ಒಳಗೊಂಡ ಸಾಧನದಲ್ಲಿ, ಸಾಧನದ ಆಯುಷ್ಯದ ಯಾವುದೇ ಹಂತದಲ್ಲಿ ಬಳಕೆದಾರನೇ ಆ ಬ್ಯಾಟರಿಯನ್ನು ತೆಗೆದು ಬದಲಿಸುವಂತಿರಬೇಕು. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಉಪಕರಣ ಸಾಕಾಗಬೇಕು. ವಿಶೇಷ ಉಪಕರಣ ಬೇಕಾದಲ್ಲಿ ಅದನ್ನು ಸಾಧನದೊಡನೆ ಉಚಿತವಾಗಿ ಕೊಡಬೇಕು. ಕಂಪನಿಯ ಸ್ವಾಮ್ಯದ ಉಪಕರಣ, ಶಾಖ ಅಥವಾ ದ್ರಾವಕವನ್ನು ಬಳಸಿ ಬಿಚ್ಚಬೇಕಾದ ರಚನೆ ಸಲ್ಲದು. ತಂತ್ರಾಂಶದ ಮೂಲಕ ಬದಲಿ ಬ್ಯಾಟರಿಗೆ ಅಡ್ಡಿಪಡಿಸುವುದೂ ನಿಷಿದ್ಧ. ತಿರುಪು ಮೊಳೆಯಿಂದ ಜೋಡಿಸಿದ ಪೆಟ್ಟಿಗೆ ಇಲ್ಲಿ ಉತ್ತೀರ್ಣವಾಗುತ್ತದೆ. ಬಿಸಿಗಾಳಿಯಿಂದ ಅಂಟು ಕರಗಿಸಬೇಕಾದ ಪೆಟ್ಟಿಗೆ ಉತ್ತೀರ್ಣವಾಗದು.

ವಿನಾಯಿತಿಗಳುಂಟು, ಆದರೆ ಅವು ಕೇಳಿದಷ್ಟು ಉದಾರವಲ್ಲ. ಮುಖ್ಯವಾಗಿ ನೀರಿನ ಎರಚಲು ಅಥವಾ ಮುಳುಗುವಿಕೆಗೆ ಪದೇ ಪದೇ ಒಳಗಾಗುವ ಪರಿಸರದಲ್ಲಿ ಕೆಲಸ ಮಾಡಲೆಂದೇ ರೂಪಿಸಿದ, ತೊಳೆಯಬಹುದಾದ ಸಾಧನಗಳಿಗೆ ಮಾತ್ರ ಮೊದಲನೆಯ ವಿನಾಯಿತಿ. ಮಳೆಯಲ್ಲಿ ನೆನೆದರೂ ಕೆಡದ ಬಿಲ್ಲಿಂಗ್ ಯಂತ್ರವೊಂದು ಈ ವ್ಯಾಖ್ಯೆಯೊಳಗೆ ಬರುವುದು ಕಷ್ಟ. ಕೆಲವು ವೈದ್ಯಕೀಯ ಸಾಧನಗಳಿಗೂ ಸಡಿಲಿಕೆ ಇದೆ. ವಿನಾಯಿತಿ ದೊರೆತಲ್ಲಿಯೂ ಸ್ವತಂತ್ರ ತಂತ್ರಜ್ಞನಿಂದ ಬದಲಿಸುವಂತಿರಲೇಬೇಕು.

ಸ್ಮಾರ್ಟ್‌ಫೋನುಗಳ ವಿಷಯದಲ್ಲಿ 20-6-2025ರಿಂದ ಅನ್ವಯವಾಗಿರುವ ಪ್ರತ್ಯೇಕ ಪರಿಸರ-ವಿನ್ಯಾಸ ವಿನಿಯಮವೂ ಇದೆ. 1,000 ಬಾರಿ ಪೂರ್ಣ ಚಾರ್ಜ್ ಆದ ಮೇಲೂ ಬ್ಯಾಟರಿ ಶೇ. 80ರಷ್ಟು ಶಕ್ತಿ ಉಳಿಸಿಕೊಂಡು, ಸಾಧನವು ಧೂಳನ್ನೂ ಒಂದು ಮೀಟರ್ ಆಳದ ನೀರನ್ನೂ ತಡೆಯುವಂತಿದ್ದರೆ, ಬದಲಾವಣೆಯನ್ನು ತಂತ್ರಜ್ಞರಿಗೆ ಬಿಡುವ ಅವಕಾಶವನ್ನು ಅದು ನೀಡಿದೆ. ದೊಡ್ಡ ಕಂಪನಿಗಳಿಗೆ ಇದೊಂದು ದಾರಿ. ಅಂಥ ಬ್ಯಾಟರಿ ಕೊಳ್ಳುವ ಶಕ್ತಿಯೂ, ಪರೀಕ್ಷಿಸುವ ಪ್ರಯೋಗಾಲಯವೂ ಅವರಲ್ಲಿವೆ. ಕೈಯಲ್ಲಿ ಹಿಡಿಯುವ ಮಾಪಕ, ಸ್ಕ್ಯಾನರ್, ಟಾರ್ಚ್ ಅಥವಾ ಧ್ವನಿಪೆಟ್ಟಿಗೆ ತಯಾರಿಸುವವರಿಗೆ ಈ ದಾರಿ ಇಲ್ಲ. ಆ ವಿನಿಯಮ ಅವರ ಸಾಧನಗಳಿಗೆ ಸಂಬಂಧಿಸಿದ್ದಲ್ಲ.

ಪೀಣ್ಯ, ಹೂಟಗಳ್ಳಿಯಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕವೊಂದು ಇಂತಹ ಸಾಧನವನ್ನು ಜರ್ಮನಿಗೋ ನೆದರ್ಲೆಂಡ್ಸಿಗೋ ಕಳುಹಿಸುತ್ತಿದ್ದರೆ, ಕಾನೂನಿನ ಹೊಣೆ ಮೊದಲಿಗೆ ಸಾಧನವನ್ನು ಅಲ್ಲಿನ ಮಾರುಕಟ್ಟೆಗೆ ತರುವ ಆಮದುದಾರನದು. ಇದನ್ನು ಓದಿ ನಿಟ್ಟುಸಿರು ಬಿಡುವುದು ಬೇಡ. ಆಮದುದಾರನು ಆ ಹೊಣೆಯನ್ನು ಖರೀದಿ ಆದೇಶದ ಒಂದು ಷರತ್ತಿನ ಮೂಲಕ ಹಿಂದಕ್ಕೆ ದಾಟಿಸುತ್ತಾನೆ. ಹೊಸ ಅಚ್ಚಿನ ವೆಚ್ಚ ಕಣ್ಣಿಗೆ ಕಾಣುವಂಥದು, ಒಂದು ಬಾರಿಯದು. ಕಾಣದ ಹೊರೆ ಬಿಡಿ ಬ್ಯಾಟರಿಯದು.

ಒಂದು ಮಾದರಿಯ ಕೊನೆಯ ಸಾಧನ ಮಾರುಕಟ್ಟೆಗೆ ಬಂದ ದಿನದಿಂದ ಕನಿಷ್ಠ ಐದು ವರ್ಷ, ನ್ಯಾಯಯುತವೂ ತಾರತಮ್ಯರಹಿತವೂ ಆದ ಬೆಲೆಗೆ, ಬಿಡಿ ಬ್ಯಾಟರಿ ದೊರೆಯುವಂತಿರಬೇಕೆಂದು ವಿಧಿಯು ಹೇಳುತ್ತದೆ. ಲೆಕ್ಕ ಶುರುವಾಗುವುದು ಪ್ರತಿ ಸಾಧನ ಮಾರಾಟವಾದ ದಿನದಿಂದಲ್ಲ, ಕೊನೆಯ ಸಾಧನದ ದಿನದಿಂದ. 2028ರ ಮಾರ್ಚಿಯಲ್ಲಿ ಮುಗಿದಿತ್ತೆಂದುಕೊಂಡ ಮಾದರಿಗೆ 2029ರಲ್ಲಿ ಖರೀದಿದಾರನು ಇನ್ನೂರು ಸಾಧನಗಳ ಸಣ್ಣ ಆದೇಶ ಕೊಟ್ಟರೆ, ಹೊಣೆ 2034ರವರೆಗೆ ಹಿಗ್ಗುತ್ತದೆ. ಇನ್ನೂರು ಸಾಧನಗಳ ಲಾಭ ಅಷ್ಟನ್ನು ಹೊರಬಲ್ಲದೇ ಎಂದು ಆದೇಶ ಒಪ್ಪುವ ಮುನ್ನವೇ ಕೇಳಿಕೊಳ್ಳುವುದು ಒಳಿತು.

ಬೇಕಾದಷ್ಟು ಬ್ಯಾಟರಿಗಳನ್ನು ಒಮ್ಮೆಗೇ ಕೊಂಡು ಗೋದಾಮಿನಲ್ಲಿಡುವ ಉಪಾಯವೂ ಫಲಿಸದು. ಲಿಥಿಯಂ ಅಯಾನ್ ಬ್ಯಾಟರಿ ಬಳಸದಿದ್ದರೂ ಮುಪ್ಪಾಗುತ್ತದೆ. ಸಾಗಣೆಯ ತೊಡಕು ಬೇರೆ. ಸಾಧನದೊಳಗೆ ಕುಳಿತ ಬ್ಯಾಟರಿಗೂ ಒಂಟಿಯಾಗಿ ಹೋಗುವ ಬ್ಯಾಟರಿಗೂ ವಿಮಾನ ಸಾಗಣೆಯ ನಿಯಮ ಒಂದೇ ಅಲ್ಲ. ಒಂಟಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು 2016ರ ಏಪ್ರಿಲ್‌ನಿಂದ ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಒಯ್ಯುವಂತಿಲ್ಲ. ಸರಕು ವಿಮಾನದಲ್ಲಿಯೂ ಚಾರ್ಜ್ ಶೇ. 30ನ್ನು ಮೀರಬಾರದು. ಐವತ್ತು ಬ್ಯಾಟರಿಗಳ ಪೊಟ್ಟಣಕ್ಕೆ ತಗಲುವ ಸಾಗಣೆ ಮತ್ತು ದಾಖಲೆಪತ್ರಗಳ ವೆಚ್ಚ ಬ್ಯಾಟರಿಗಳ ಬೆಲೆಯನ್ನೇ ಮೀರಿದರೆ ಅಚ್ಚರಿಪಡಬೇಕಿಲ್ಲ.

ಲೆಕ್ಕಪತ್ರದಲ್ಲಿ ಇದನ್ನು ತೋರಿಸುವ ಬಗೆ ಎಂತು? ಮುಂದೆ ಬ್ಯಾಟರಿ ಪೂರೈಸುವ ಬಾಧ್ಯತೆ ಇದೆಯೆಂಬ ಕಾರಣಕ್ಕಷ್ಟೇ ಲೆಕ್ಕಪತ್ರ ಮಾನಕ 29ರಡಿ ಅವಕಾಶ ಕಲ್ಪಿಸುವಂತಿಲ್ಲ. ಬ್ಯಾಟರಿಗೆ ಬೆಲೆ ದೊರೆಯುತ್ತದಲ್ಲ! ಆದರೆ ಸಾಧನದ ಮಾರಾಟ ಮುಗಿದು ಬಿಡಿ ಬ್ಯಾಟರಿಯ ಪೂರೈಕೆಯಷ್ಟೇ ಉಳಿದ ಒಪ್ಪಂದದಲ್ಲಿ, ಬೆಲೆ ರೂ. 400ಕ್ಕೆ ನಿಗದಿಯಾಗಿ, ಸಾಗಣೆ ಸೇರಿ ವೆಚ್ಚ ರೂ. 520 ಆಗುವುದೆಂದು ಭಾವಿಸೋಣ. 3,000 ಬ್ಯಾಟರಿಗಳಿಗೆ ರೂ. 3.60 ಲಕ್ಷ ನಷ್ಟ. ತಪ್ಪಿಸಿಕೊಳ್ಳಲಾಗದ ಇಂಥ ನಷ್ಟದ ಒಪ್ಪಂದಕ್ಕೆ ಆ ವರ್ಷದ ಲೆಕ್ಕದಲ್ಲಿಯೇ ಅವಕಾಶ ಕಲ್ಪಿಸಬೇಕು. ಗೋದಾಮಿನಲ್ಲಿ ಮುಪ್ಪಾಗುತ್ತಿರುವ ದಾಸ್ತಾನನ್ನು ಮಾನಕ 2ರಂತೆ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯದಕ್ಕೆ ತರಬೇಕು. ಉತ್ತಮ ಲಾಭವೆಂದು ತೋರಿದ ರಫ್ತು ಆದೇಶದ ನಿಜವಾದ ಬಣ್ಣ ಆಗಷ್ಟೇ ಕಾಣುತ್ತದೆ.

ಭಾರತದಲ್ಲಿ 22-8-2022ರಂದು ಹೊರಟ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆ ಹೊರಿಸಿವೆ. ಸಾಧನದ ರಚನೆಯ ಬಗ್ಗೆ ಇಂಥ ಕಟ್ಟಳೆ ವಿಧಿಸಿಲ್ಲ. ಆದರೂ ಸಣ್ಣ ಘಟಕವು ದೇಶಕ್ಕೊಂದು, ವಿದೇಶಕ್ಕೊಂದು ಅಚ್ಚು ಇಟ್ಟುಕೊಳ್ಳಲಾರದು. ಅಚ್ಚು ಬದಲಿಸುವುದಾದರೆ ಖರೀದಿದಾರನೊಡನೆ ಅದರ ವೆಚ್ಚದ ಹಂಚಿಕೆ, ಬಿಡಿ ಬ್ಯಾಟರಿಯ ಬೆಲೆ ಪರಿಷ್ಕರಣೆಯ ಸೂತ್ರ ಮತ್ತು ‘ಕೊನೆಯ ಸಾಧನ’ದ ದಿನಾಂಕವನ್ನು ಆಮದುದಾರನು ಲಿಖಿತವಾಗಿ ತಿಳಿಸಬೇಕೆಂಬ ಷರತ್ತು, ಈ ಮೂರನ್ನೂ ಮುಂದಿನ ಆದೇಶದಲ್ಲಿಯೇ ಬರೆಸಿಕೊಳ್ಳಬೇಕು. ಸರಕು ಬಂದರು ದಾಟಿದ ಮೇಲೆ ಅಂಥ ಷರತ್ತಿಗೆ ಯಾವ ಖರೀದಿದಾರನೂ ಸುಲಭವಾಗಿ ಸಹಿ ಹಾಕುವುದಿಲ್ಲ.